ದೊಡ್ಡ ಗಿರಾಕಿಯೇ ನಷ್ಟದ ಗಿರಾಕಿ

ಕರೆಂಟ್ ಒಲೆಯಲ್ಲಿ ಕೆಂಪಗೆ ಕಾಯುತ್ತದಲ್ಲ, ಆ ಸುರುಳಿ ತಂತಿಗೆ ಹೆಸರಾದ ಕಂಪನಿ ಸ್ವೀಡನ್ನಿನ ಕಾಂತಾಲ್. ಹಾಲ್‌ಸ್ಟಾಹಮ್ಮಾರ್ ಎಂಬ ಸಣ್ಣ ಊರಿನಲ್ಲಿ 1931ರಲ್ಲಿ ಶುರುವಾದ ಈ ಕಂಪನಿಗೆ 1980ರ ದಶಕದ ಹೊತ್ತಿಗೆ ಜಗತ್ತಿನ ತುಂಬ ಸುಮಾರು 10,000 ಗಿರಾಕಿಗಳು, 15,000 ಬಗೆಯ ಸರಕು. ವರ್ಷದ ಕೊನೆಗೆ ಲಾಭವೇನೋ ಬರುತ್ತಿತ್ತು. ಅದನ್ನು ತಂದುಕೊಟ್ಟವರು ಯಾರು ಎಂದು ಕೇಳಿದರೆ ಮಾತ್ರ ಲೆಕ್ಕದ ಪುಸ್ತಕ ಬಾಯಿ ಬಿಡುತ್ತಿರಲಿಲ್ಲ.

ಅಧ್ಯಕ್ಷರಾಗಿದ್ದ ಕಾರ್ಲ್-ಎರಿಕ್ ರಿಡ್ಡರ್‌ಸ್ಟ್ರೋಲೆ ಅವರನ್ನು ಕಾಡಿದ್ದು ಇದೇ. ಮಾರಾಟದ ಖರ್ಚು, ಕಚೇರಿಯ ಖರ್ಚನ್ನೆಲ್ಲ ಒಟ್ಟು ಮಾಡಿ, ಮಾರಾಟದ ಮೊತ್ತಕ್ಕೆ ತಕ್ಕಂತೆ ಎಲ್ಲರ ತಲೆಗೂ ಹಂಚುವುದು ಹಳೆಯ ರೂಢಿ. ವರ್ಷಕ್ಕೆರಡು ಸಲ ಲಾರಿ ತುಂಬ ತರಿಸಿಕೊಳ್ಳುವವನಿಗೂ, ವಾರವಾರ ಫೋನು ಮಾಡಿ ನಾಲ್ಕು ಕಿಲೋ ಕೇಳುವವನಿಗೂ ಒಂದೇ ದರ. ಆದರೆ ಆರ್ಡರ್ ಬರೆದುಕೊಳ್ಳುವುದು, ಬಿಲ್ಲು ಹಾಕುವುದು, ಹಣ ಬಂತೇ ಎಂದು ನೋಡುವುದು, ಇವೆಲ್ಲ ನಾಲ್ಕು ಕಿಲೋಗೂ ಅಷ್ಟೇ, ನಾಲ್ಕು ಟನ್ನಿಗೂ ಅಷ್ಟೇ. ದಾಸ್ತಾನಿನಲ್ಲಿಲ್ಲದ ಸರಕು ಕೇಳಿದರಂತೂ ಅದಕ್ಕೆಂದೇ ಯಂತ್ರ ಹೊಂದಿಸಬೇಕು. ಹೀಗಾಗಿ ಕಾಂತಾಲ್ ಪ್ರತಿಯೊಂದು ಆರ್ಡರಿನ ಖರ್ಚನ್ನು ಅದರ ತಲೆಗೇ ಕಟ್ಟಿ ಹೊಸದಾಗಿ ಲೆಕ್ಕ ಹಾಕಿತು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ರಾಬರ್ಟ್ ಕಪ್ಲಾನ್ ಇದನ್ನೇ ಪಾಠವಾಗಿ ಬರೆದರು.

ಸ್ವೀಡನ್ನಿನ ಗಿರಾಕಿಗಳ ಲೆಕ್ಕ ಹೊರಬಂದಾಗ ಲಾಭ ಕೊಡುತ್ತಿದ್ದವರು ಶೇ 40 ಮಂದಿ ಮಾತ್ರ. ಅವರು ತಂದದ್ದು ಒಟ್ಟು ಲಾಭದ ಶೇ 250. ಅಂದರೆ ಕಂಪನಿಯ ಕೈಗೆ 100 ರೂಪಾಯಿ ಉಳಿದಿದ್ದರೆ, ಇವರು 250 ತಂದಿದ್ದರು, ಉಳಿದವರು 150 ಕರಗಿಸಿದ್ದರು. ಅತಿ ಹೆಚ್ಚು ನಷ್ಟ ತಂದ ಇಬ್ಬರು ಯಾರು? ಮಾರಾಟದಲ್ಲಿ ಮೊದಲ ಮೂರು ಸ್ಥಾನಗಳಲ್ಲಿದ್ದವರೇ! ಒಬ್ಬರು ದಾಸ್ತಾನು ಇಡುವುದನ್ನು ಬಿಟ್ಟು, ಬೇಕೆಂದಾಗಲೆಲ್ಲ ಸ್ವಲ್ಪಸ್ವಲ್ಪ ತರಿಸುತ್ತಿದ್ದರು. ಇನ್ನೊಬ್ಬರಿಗೆ ಕಾಂತಾಲ್ ನೆನಪಾಗುತ್ತಿದ್ದದ್ದು ತಮ್ಮ ಖಾಯಂ ಪೂರೈಕೆದಾರ ಕೈಕೊಟ್ಟಾಗ. ದೊಡ್ಡ ಹೆಸರೆಂದು ಇಬ್ಬರಿಗೂ ಮಣೆ ಹಾಕಲಾಗಿತ್ತು.

ಆಗ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಲೆಕ್ಕ ಈಗ ಸಲೀಸು. 1993ರಲ್ಲಿ ಸ್ವೀಡನ್ನಿನದೇ ಲುಂಡ್ ಊರಿನಲ್ಲಿ ಹುಟ್ಟಿದ ಕ್ಲಿಕ್, ಆಮೇಲೆ ಟ್ಯಾಬ್ಲೋ, ಪವರ್ ಬಿಐ ಎಂಬ ಲೆಕ್ಕ ಬಿಡಿಸಿ ತೋರಿಸುವ ಸಾಫ್ಟ್‌ವೇರ್‌ಗಳು ಬಂದವು. ಮೌಸ್ ಒತ್ತಿದರೆ ದೇಶ, ಸರಕು, ಗಿರಾಕಿ, ಒಂದೊಂದು ಆರ್ಡರಿನವರೆಗೂ ಇಳಿಯಬಹುದು. ಇದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಖರ್ಚನ್ನು ಯಾವ ಸೂತ್ರದಲ್ಲಿ ಹಂಚಬೇಕು ಎಂಬುದನ್ನು ಸಾಫ್ಟ್‌ವೇರ್ ತಾನಾಗಿ ಹೇಳುವುದಿಲ್ಲ. ಹಳೆಯ ಸೂತ್ರ ತುಂಬಿದರೆ ಹಳೆಯ ತಪ್ಪೇ ಹೊಸ ಬಣ್ಣದಲ್ಲಿ ಕಾಣುತ್ತದೆ.

ಹಲವು ದೇಶಗಳಲ್ಲಿ ವಹಿವಾಟು ನಡೆಸುವ ಕಂಪನಿಗೆ ಇನ್ನೆರಡು ತೊಡಕು. ಒಂದು ದೇಶದ ಕಾರ್ಖಾನೆ ಇನ್ನೊಂದು ದೇಶದ ತನ್ನದೇ ಅಂಗಸಂಸ್ಥೆಗೆ ಮಾರುವಾಗಲೂ ಒಂದು ಬೆಲೆ ಕಟ್ಟುತ್ತದೆ. ಆ ಬೆಲೆ ಏರಿದರೆ ಲಾಭವೆಲ್ಲ ಕಾರ್ಖಾನೆಯ ಪಾಲು, ಮಾರುವವರ ಪರದೆಯಲ್ಲಿ ನಷ್ಟ. ಎರಡೂ ಕಡೆಯ ಲೆಕ್ಕ ಕೂಡಿಸದೆ ಆ ದೇಶದ ಗಿರಾಕಿಯನ್ನು ಅಳೆಯಬಾರದು. ಇನ್ನು ವಿನಿಮಯ ದರ. ಒಂದು ಕಿಲೋ ಹೆಚ್ಚು ಮಾರದಿದ್ದರೂ ಡಾಲರ್ ಏರಿದ್ದಕ್ಕೇ ವಹಿವಾಟು ಬೆಳೆದಂತೆ ತೋರಬಹುದು. ಹೋದ ವರ್ಷದ ದರದಲ್ಲೂ ಒಮ್ಮೆ ಲೆಕ್ಕ ಹಾಕಿ ಪಕ್ಕದಲ್ಲಿಟ್ಟು ನೋಡಬೇಕು.

ನಷ್ಟದ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಗಿರಾಕಿಯನ್ನು ಕಳಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಸಣ್ಣ ಆರ್ಡರುಗಳಿಗೆ ತಗಲುವ ಖರ್ಚು ಆತನಿಗೂ ಗೊತ್ತಿರುವುದಿಲ್ಲ. ಲೆಕ್ಕವನ್ನು ಮುಂದಿಟ್ಟು ಮಾತಾಡಿದರೆ ನಾಲ್ಕು ಆರ್ಡರುಗಳನ್ನು ಒಂದು ಮಾಡಲು ಒಪ್ಪಿಯಾನು.

ಹೊರದೇಶದ ಎಷ್ಟೋ ಕಂಪನಿಗಳ ಲೆಕ್ಕವನ್ನು ಪರದೆಯ ಮೇಲೆ ತೋರಿಸುವ ಇಂಥ ಡ್ಯಾಶ್‌ಬೋರ್ಡುಗಳು ಇವತ್ತು ಬೆಂಗಳೂರಿನಲ್ಲಿ ತಯಾರಾಗುತ್ತವೆ. ಆ ಕೆಲಸದಲ್ಲಿರುವ ಗೆಳೆಯರೇ, ಪರದೆಗೆ ಕೆಂಪು, ಹಸಿರು ಹಚ್ಚುವ ಮೊದಲು ಖರ್ಚು ಹಂಚಿದ ಸೂತ್ರ ಯಾವುದೆಂದು ಕೇಳಿ. ‘ಮಾರಾಟಕ್ಕೆ ತಕ್ಕಂತೆ’ ಎಂಬ ಉತ್ತರ ಬಂದರೆ, ಗೋದಾಮಿನವರನ್ನೂ ಆರ್ಡರ್ ಬರೆದುಕೊಳ್ಳುವವರನ್ನೂ ಒಮ್ಮೆ ಮಾತಾಡಿಸಿ.