ಬರ್ಗ್‌ಮನ್ ಕತ್ತಲೆ, ಸವೆದ ರೀಲಿನ ಕತ್ತಲೆ

ಇಂಗ್ಮಾರ್ ಬರ್ಗ್‌ಮನ್ ಎಂಬ ಹೆಸರು ಕೇಳಿದೊಡನೆ ನಮ್ಮ ತಲೆಮಾರಿನ ಚಿತ್ರಪ್ರೇಮಿಗಳ ಮನಸ್ಸಿನಲ್ಲಿ ಮೊದಲು ಮೂಡುವುದು ಕತ್ತಲೆ. ಮೌನ ತಾಳಿದ ದೇವರು, ಸಾವಿನೊಡನೆ ಚದುರಂಗವಾಡುವ ಯೋಧ, ಶ್ರದ್ಧೆ ಬತ್ತಿಹೋದ ಪಾದ್ರಿ, ಮುಗಿಯದ ಚಳಿಗಾಲ. ಎಪ್ಪತ್ತರ ದಶಕದ ಕೊನೆಯಲ್ಲಿ ಹಾಗೂ ಎಂಬತ್ತರ ದಶಕದಲ್ಲಿ, ಫಿಲ್ಮ್ ಸೊಸೈಟಿಗಳು ಬಾಡಿಗೆಗೆ ಹಿಡಿದ ಸಭಾಂಗಣಗಳಲ್ಲಿ, 16 ಎಂ.ಎಂ. ಪ್ರೊಜೆಕ್ಟರಿನ ಗರಗರ ಸದ್ದಿನ ನಡುವೆ ಈ ಚಿತ್ರಗಳನ್ನು ನೋಡಿದವರು ನಾವು. ಅರ್ಥಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ಕೇನ್ಸ್ ಮತ್ತು ಕಲೆಕಿ ಓದಿ, ಸಂಜೆ ಇಲ್ಲಿಗೆ ಬಂದು, ಆ ಕತ್ತಲೆಯ ತಾತ್ತ್ವಿಕತೆಯ ಬಗ್ಗೆ ರಾತ್ರಿ ಕೊನೆಯ ಬಸ್ಸಿನ ಹೊತ್ತಿನವರೆಗೂ ಚರ್ಚಿಸುತ್ತಿದ್ದೆವು. ಅದರಲ್ಲಿ ನಿರ್ದೇಶಕನ ಪಾಲೆಷ್ಟು, ಊರೂರು ಸುತ್ತಿ ಸವೆದ ರೀಲಿನ ಪಾಲೆಷ್ಟು ಎಂದು ವಿಂಗಡಿಸುವ ಸಾಧನ ಆಗ ಯಾರ ಬಳಿಯೂ ಇರಲಿಲ್ಲ. ಈಗ ಇದೆ.

ಬರ್ಗ್‌ಮನ್ ಜನ್ಮಶತಮಾನೋತ್ಸವದ ವರ್ಷವಾದ 2018ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆಯು ಅವರ 39 ಚಿತ್ರಗಳನ್ನು 30 ಬ್ಲೂ-ರೇ ಡಿಸ್ಕುಗಳಲ್ಲಿ ಒಟ್ಟುಗೂಡಿಸಿ ಹೊರತಂದಿತು. ವಿದೇಶದಲ್ಲಿರುವ ಮಗಳು ಆ ಭಾರವಾದ ಪೆಟ್ಟಿಗೆಯನ್ನು ತಂದುಕೊಟ್ಟಾಗ ಎದುರಾದ ಮೊದಲ ತೊಡಕು ಕಲೆಗೆ ಸಂಬಂಧಿಸಿದ್ದಲ್ಲ, ಆಡಳಿತಕ್ಕೆ ಸಂಬಂಧಿಸಿದ್ದು. ಬ್ಲೂ-ರೇ ತಯಾರಕರು ಜಗತ್ತನ್ನು ಮೂರು ವಲಯಗಳಾಗಿ ವಿಭಜಿಸಿದ್ದಾರೆ. ಅಮೆರಿಕ ‘ಎ’ ವಲಯಕ್ಕೆ ಸೇರಿದರೆ ಭಾರತ ‘ಸಿ’ ವಲಯಕ್ಕೆ. ಹೀಗೆ ವಲಯಕ್ಕೆ ಬೀಗ ಹಾಕಿದ ಡಿಸ್ಕು ಬೇರೆ ವಲಯದ ಪ್ಲೇಯರಿನಲ್ಲಿ ಓಡದು. ಎಲ್ಲ ವಲಯಗಳನ್ನೂ ಒಪ್ಪುವ ಪ್ಲೇಯರನ್ನು ಹುಡುಕಿ ತರಿಸುವಷ್ಟರಲ್ಲಿ ಎರಡು ತಿಂಗಳು ಕಳೆದವು. ಗಡಿ ಎಂಬುದು ಎಲ್ಲೆಲ್ಲಿ ಹೇಗೆಲ್ಲ ಬೇಲಿ ಹಾಕಬಲ್ಲದು ಎಂದು ಅಚ್ಚರಿಪಡುತ್ತಲೇ, ವಾರಕ್ಕೆರಡು ಸಂಜೆಯಂತೆ ನೋಡಲಾರಂಭಿಸಿದೆ.

‘ಪುನರುಜ್ಜೀವನಗೊಂಡ ಪ್ರತಿ’ ಎಂಬುದರ ಅರ್ಥವನ್ನು ಕಚೇರಿಯ ಭಾಷೆಯಲ್ಲಿ ವಿವರಿಸುವುದು ನನಗೆ ಸುಲಭ. ಟೈಪ್‌ರೈಟರ್ ಕಾಲದಲ್ಲಿ ಆದೇಶವೊಂದಕ್ಕೆ ಆರೇಳು ಕಾರ್ಬನ್ ಪ್ರತಿಗಳನ್ನು ತೆಗೆಯುತ್ತಿದ್ದರು. ಮೇಲಿನದು ಸ್ಫುಟ, ಏಳನೆಯದು ಬಹುಪಾಲು ಊಹೆ. ತಾಲ್ಲೂಕು ಕಚೇರಿಗೆ ತಲುಪುತ್ತಿದ್ದುದು ಸಾಮಾನ್ಯವಾಗಿ ಆ ಏಳನೆಯದೇ. ಚಿತ್ರದ ವಿಷಯವೂ ಹಾಗೆಯೇ. ಕ್ಯಾಮೆರಾದೊಳಗೆ ಬೆಳಕು ಕಂಡ ಮೂಲ ನೆಗೆಟಿವ್, ಅದರಿಂದ ತೆಗೆದ ಪ್ರತಿ, ಆ ಪ್ರತಿಯಿಂದ ತೆಗೆದ ನೆಗೆಟಿವ್, ಅದರಿಂದ ಕಿರಿದಾಗಿಸಿದ 16 ಎಂ.ಎಂ. ಪ್ರತಿ—ಹೀಗೆ ಮೆಟ್ಟಿಲಿಳಿದಷ್ಟೂ ವಿವರ ಕರಗುತ್ತ ಹೋಗುತ್ತದೆ. ಪುನರುಜ್ಜೀವನ ಎಂದರೆ ಸಾಧ್ಯವಾದಷ್ಟೂ ಮೂಲ ನೆಗೆಟಿವ್‌ಗೆ ಹಿಂದಿರುಗಿ, ಅದರ ಪ್ರತಿಯೊಂದು ಚೌಕಟ್ಟನ್ನೂ ಡಿಜಿಟಲ್ ರೂಪಕ್ಕೆ ತಂದು, ಗೀರು, ಧೂಳು, ಮಿನುಗುಗಳನ್ನು ನಿವಾರಿಸಿ, ಬೆಳಕು-ನೆರಳಿನ ಪ್ರಮಾಣವನ್ನು ಮರಳಿ ಹೊಂದಿಸುವುದು.

ಇದರ ಫಲವೇನೆಂಬುದು ನನಗೆ ಮನದಟ್ಟಾದದ್ದು 1963ರ ‘ವಿಂಟರ್ ಲೈಟ್’ ಚಿತ್ರದಲ್ಲಿ. ನವೆಂಬರ್ ತಿಂಗಳ ಒಂದು ಭಾನುವಾರ, ನಡುಹಗಲಿನ ಪೂಜೆಯಿಂದ ಮೂರು ಗಂಟೆಯ ಪೂಜೆಯವರೆಗಿನ ಅವಧಿ, ಅಷ್ಟೇ ಕಥೆ. ಛಾಯಾಗ್ರಾಹಕ ಸ್ವೆನ್ ನೀಕ್ವಿಸ್ಟ್ ಮತ್ತು ಬರ್ಗ್‌ಮನ್ ಇದಕ್ಕಾಗಿ ಹಳ್ಳಿಯ ಚರ್ಚಿನಲ್ಲಿ ಗಂಟೆಗಟ್ಟಲೆ ಸುಮ್ಮನೆ ಕುಳಿತು, ಮೋಡ ಕವಿದ ಹಗಲಿನ ಬೆಳಕು ಹೇಗೆ ಬದಲಾಗುತ್ತದೆಂದು ಗಮನಿಸಿದರು. ಸೂರ್ಯನಿಲ್ಲದ ದಿನ ನೆರಳೂ ಇರುವುದಿಲ್ಲ. ಆದ್ದರಿಂದ ಚಿತ್ರದಲ್ಲಿ ನೆರಳು ಬೀಳಕೂಡದು ಎಂಬುದು ಅವರು ಹಾಕಿಕೊಂಡ ನಿಯಮ. ನಾವು ನೋಡಿದ್ದ ಸವೆದ ಪ್ರತಿಯಲ್ಲಿ ಇದಾವುದೂ ಇರಲಿಲ್ಲ. ಬೂದು ಬಣ್ಣವೆಲ್ಲ ಒಂದೇ ಕೆಸರಾಗಿತ್ತು. ಬಿಳಿಯ ಹಿಮದ ಮೇಲೆ ಬಿಳಿಯ ಇಂಗ್ಲಿಷ್ ಉಪಶೀರ್ಷಿಕೆಗಳು ಬಂದು ಅರ್ಧ ಮಾತು ಹಿಮದಲ್ಲೇ ಹುಗಿದುಹೋಗುತ್ತಿತ್ತು. ಈಗ ಆ ಬೂದಿಯಲ್ಲಿ ಹತ್ತಾರು ಛಾಯೆಗಳು ಕಾಣುತ್ತವೆ. ಗೋಡೆಯ ಸುಣ್ಣ ಬೇರೆ, ಪಾದ್ರಿಯ ಜ್ವರದ ಮುಖ ಬೇರೆ, ಕಿಟಕಿಯಾಚೆಯ ಆಕಾಶ ಬೇರೆ. ಶಾಲಾ ಶಿಕ್ಷಕಿ ಮಾರ್ತಾಳ ಪಾತ್ರದಲ್ಲಿ ಇಂಗ್ರಿಡ್ ತುಲೀನ್ ಕ್ಯಾಮೆರಾವನ್ನೇ ದಿಟ್ಟಿಸುತ್ತ, ನಿಮಿಷಗಟ್ಟಲೆ ತನ್ನ ಪತ್ರವನ್ನು ತಾನೇ ನುಡಿಯುವ ದೃಶ್ಯದಲ್ಲಿ ತುಟಿಯಂಚಿನ ನಡುಕ ಕೂಡ ಕಾಣಿಸುತ್ತದೆ. ಚೀನಾ ಅಣುಬಾಂಬ್ ತಯಾರಿಸುತ್ತದೆಂದು ಓದಿ ಬದುಕುವ ಆಸೆಯನ್ನೇ ಕಳೆದುಕೊಳ್ಳುವ ಮೀನುಗಾರನೊಬ್ಬ ಇದರಲ್ಲಿದ್ದಾನೆ. ಚೀನಾ ಆ ಬಾಂಬನ್ನು ಪರೀಕ್ಷಿಸಿದ್ದು ಚಿತ್ರ ಬಿಡುಗಡೆಯಾದ ಮರುವರ್ಷ, 1964ರ ಅಕ್ಟೋಬರಿನಲ್ಲಿ. ಇದು ಕತ್ತಲೆಯ ಚಿತ್ರವಲ್ಲ; ಹೆಸರೇ ಸಾರುವಂತೆ ಬೆಳಕಿನ ಚಿತ್ರ. ಆದರೆ ಸಾಂತ್ವನ ನೀಡದ ಬೆಳಕು.

‘ವೈಲ್ಡ್ ಸ್ಟ್ರಾಬೆರೀಸ್’ (1957) ವಿಷಯದಲ್ಲಿ ವ್ಯತ್ಯಾಸ ಇನ್ನೊಂದು ಬಗೆಯದು. ವೃದ್ಧ ಪ್ರಾಧ್ಯಾಪಕ ಇಸಾಕ್ ಬೋರ್ಗ್ ಗೌರವ ಸ್ವೀಕರಿಸಲು ಲುಂಡ್ ನಗರಕ್ಕೆ ಸೊಸೆಯೊಡನೆ ಕಾರಿನಲ್ಲಿ ಹೊರಡುವ ಮುನ್ನ ಕಾಣುವ ಕನಸು ಪ್ರಸಿದ್ಧವಾದುದು: ಮುಳ್ಳುಗಳಿಲ್ಲದ ಗಡಿಯಾರ, ನಿರ್ಜನ ಬೀದಿ, ಚಕ್ರ ಕಳಚುವ ಶವವಾಹನ. ಛಾಯಾಗ್ರಾಹಕ ಗುನ್ನಾರ್ ಫಿಷರ್ ಈ ಕನಸಿಗೆ ಬೇಕೆಂದೇ ಕಣ್ಣು ಕುಕ್ಕುವ ಬಿಳಿ ಮತ್ತು ಗಾಢ ಕಪ್ಪನ್ನು ಬಳಸಿದರು. ಹಾಳಾದ ಪ್ರತಿಯಲ್ಲಿ ಇಡೀ ಚಿತ್ರವೇ ಹಾಗಿದ್ದುದರಿಂದ ಕನಸು ಎಲ್ಲಿ ಮುಗಿದು ಎಚ್ಚರ ಎಲ್ಲಿ ಆರಂಭವಾಯಿತೆಂಬುದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಬೋರ್ಗ್ ಪಾತ್ರಧಾರಿ ವಿಕ್ಟರ್ ಶೋಸ್ಟ್ರೋಮ್‌ಗೆ ಆಗ 78 ವರ್ಷ. ಚಿತ್ರೀಕರಣ ಎಷ್ಟೇ ಮುಖ್ಯವಾಗಿರಲಿ, ಸಂಜೆ ಐದೂಕಾಲಕ್ಕೆ ಮನೆಯಲ್ಲಿ ತಮ್ಮ ವಿಸ್ಕಿಯ ಮುಂದೆ ಕುಳಿತಿರಬೇಕೆಂಬ ಷರತ್ತು ಹಾಕಿದ್ದರಂತೆ. ಸರ್ಕಾರಿ ನೌಕರಿಯಲ್ಲಿದ್ದವರಿಗೆ ಈ ವೇಳಾನಿಷ್ಠೆ ಅರ್ಥವಾಗುತ್ತದೆ. ಇದೇ ಶೋಸ್ಟ್ರೋಮ್ 1921ರಲ್ಲಿ, ನೊಬೆಲ್ ಪುರಸ್ಕೃತೆ ಸೆಲ್ಮಾ ಲಾಗರ್‌ಲೋಫ್ ಅವರ ಕೃತಿಯನ್ನಾಧರಿಸಿ ‘ದಿ ಫ್ಯಾಂಟಮ್ ಕ್ಯಾರೇಜ್’ ಎಂಬ ಮೂಕಿಚಿತ್ರ ನಿರ್ದೇಶಿಸಿದವರು. ಬರ್ಗ್‌ಮನ್ ಜೀವನದುದ್ದಕ್ಕೂ ಮತ್ತೆ ಮತ್ತೆ ನೋಡುತ್ತಿದ್ದ ಚಿತ್ರವದು. ಎರಡನ್ನೂ ಬೆನ್ನುಬೆನ್ನಿಗೆ ನೋಡಿದರೆ ಗುರುವಿನ ಮುಖವನ್ನು ಶಿಷ್ಯ ಓದಿದ ರೀತಿ ತಿಳಿಯುತ್ತದೆ.

ಕಪ್ಪು-ಬಿಳುಪಿನ ಗತಿ ಹೀಗಾದರೆ ಬಣ್ಣದ್ದು ಇನ್ನೂ ವಿಚಿತ್ರ. ಆ ಕಾಲದ ಈಸ್ಟ್‌ಮನ್ ಬಣ್ಣದ ಪ್ರತಿಗಳು ಹಳತಾದಂತೆ ನೀಲಿ, ಹಸಿರುಗಳು ಮಾಸಿ ಕೆಂಪು ಮಾತ್ರ ಉಳಿಯುತ್ತದೆ. 1972ರ ‘ಕ್ರೈಸ್ ಅಂಡ್ ವಿಸ್ಪರ್ಸ್’ ಚಿತ್ರದಲ್ಲಿ ಮನೆಯ ಗೋಡೆ, ನೆಲ, ಪರದೆಗಳೆಲ್ಲ ಕೆಂಪು. ಹೆಂಗಸರ ಉಡುಪು ಬಿಳಿ. ಮಾಸಿದ ಪ್ರತಿಯಲ್ಲಿ ಉಡುಪೂ ಕೆಂಪು, ಮುಖವೂ ಕೆಂಪು, ಹೊರಗಿನ ಮುಂಜಾವೂ ಕೆಂಪು. ಎಲ್ಲವೂ ಕೆಂಪಾದಲ್ಲಿ ಕೆಂಪಿಗೆ ಅರ್ಥವೆಲ್ಲಿಯದು?

ಹಾಗೆಂದು ಹಳೆಯ ಪ್ರದರ್ಶನಗಳೆಲ್ಲ ವ್ಯರ್ಥವೆಂದು ನಾನು ಹೇಳಲಾರೆ. ಕನ್ನಡಿಗರು ಹಾಗೆ ಹೇಳಲೂ ಬಾರದು. ಅರವತ್ತರ ದಶಕದಲ್ಲಿ ಸಂಶೋಧನೆಗಾಗಿ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಯು.ಆರ್. ಅನಂತಮೂರ್ತಿ ಅಲ್ಲಿ ‘ದಿ ಸೆವೆಂತ್ ಸೀಲ್’ (1957) ನೋಡಿದ್ದು, ಅದೂ ಉಪಶೀರ್ಷಿಕೆಗಳಿಲ್ಲದ ಪ್ರತಿಯಲ್ಲಿ ನೋಡಿದ್ದು, ‘ಸಂಸ್ಕಾರ’ದ ರಚನೆಗೆ ಪ್ರೇರಣೆಯಾಯಿತೆಂದು ಅವರೇ ಹಲವೆಡೆ ಹೇಳಿಕೊಂಡಿದ್ದಾರೆ. ಯುರೋಪಿನ ಕಲಾವಿದ ತನ್ನ ಮಧ್ಯಯುಗವನ್ನು ಕಲ್ಪಿಸಿಕೊಳ್ಳಬೇಕು, ನಮಗಾದರೋ ಅದು ಪಕ್ಕದ ಬೀದಿಯಲ್ಲೇ ಬದುಕಿದೆ ಎಂಬ ಅರಿವು ಅವರಿಗೆ ಅಂದು ಮೂಡಿತು. ಅಲ್ಲಿಯ ಪ್ಲೇಗು ಇಲ್ಲಿಯ ಅಗ್ರಹಾರಕ್ಕೆ ಬಂತು. ಮಾತು ಅರ್ಥವಾಗದ ಚಿತ್ರವೊಂದು 1965ರಲ್ಲಿ ಪ್ರಕಟವಾದ ಆ ಕಾದಂಬರಿಗೆ ಕಾರಣವಾಯಿತೆಂಬುದು, ಸ್ಫುಟತೆಯ ಪರ ವಾದಿಸುವ ನನ್ನಂಥವರು ನೆನಪಿಡಬೇಕಾದ ಸಂಗತಿ. ಆದರೂ ಪುನರುಜ್ಜೀವಿತ ‘ಸೆವೆಂತ್ ಸೀಲ್’ ನೋಡಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಾವಿನ ದೃಶ್ಯಗಳಲ್ಲ. ಬಯಲಿನಲ್ಲಿ ಕುಳಿತ ಯೋಧನಿಗೆ ಬಡ ನಾಟಕದವರ ದಂಪತಿ ಒಂದು ಬಟ್ಟಲು ಹಾಲು, ಒಂದಿಷ್ಟು ಕಾಡುಹಣ್ಣು ನೀಡುವ ಸಂಜೆ. ಅಲ್ಲಿರುವ ಬೆಳಕು ಎಷ್ಟು ಮೃದುವೆಂದರೆ, ಈ ಚಿತ್ರದ ಕೇಂದ್ರ ಅದೇ ಇರಬೇಕೆನ್ನಿಸಿತು.

ಇಷ್ಟು ಸ್ಫುಟವಾದ ಪ್ರತಿ ಇಂದು ದೊರೆಯುತ್ತಿರುವುದಕ್ಕೆ ಕಾರಣ ತಂತ್ರಜ್ಞಾನವೊಂದೇ ಅಲ್ಲ. ನೆಗೆಟಿವ್ ಉಳಿದಿದ್ದರೆ ಮಾತ್ರ ತಂತ್ರಜ್ಞಾನಕ್ಕೆ ಕೆಲಸ. ಸ್ವೀಡನ್ನಿಗೆ ಈ ಪಾಠ ಸುಲಭದಲ್ಲಿ ದಕ್ಕಲಿಲ್ಲ. 1941ರಲ್ಲಿ ಸ್ಟಾಕ್‌ಹೋಮ್‌ನ ಉಗ್ರಾಣವೊಂದರಲ್ಲಿ ಸಂಭವಿಸಿದ ಸ್ಫೋಟಕ್ಕೆ ಶೋಸ್ಟ್ರೋಮ್ ಮತ್ತು ಮಾರಿಟ್ಸ್ ಸ್ಟಿಲ್ಲರ್ ಅವರ ಅನೇಕ ಮೂಕಿಚಿತ್ರಗಳ ನೆಗೆಟಿವ್‌ಗಳು ಆಹುತಿಯಾದವು. ಹಳೆಯ ನೈಟ್ರೇಟ್ ಫಿಲ್ಮ್ ಎಂದರೆ ಸಿಡಿಮದ್ದಿನ ಸೋದರ. ಉಳಿದುಬಂದವುಗಳಲ್ಲಿ 1913ರ ‘ಇಂಗೆಬೊರ್ಗ್ ಹೋಲ್ಮ್’ ಒಂದು. ಗಂಡ ಸತ್ತ ಬಳಿಕ ಬಡವರ ಗೃಹಕ್ಕೆ ಸೇರುವ ವಿಧವೆಯೊಬ್ಬಳಿಂದ ಮಕ್ಕಳನ್ನು ಬೇರ್ಪಡಿಸಿ ಕಡಿಮೆ ಖರ್ಚಿಗೆ ಸಾಕುವವರ ಪಾಲು ಮಾಡುವ ಕಥೆ. ಈ ಚಿತ್ರ ಅಲ್ಲಿಯ ಬಡವರ ಪರಿಹಾರ ಕಾನೂನಿನ ಬಗ್ಗೆ ಬಿರುಸಿನ ಚರ್ಚೆ ಹುಟ್ಟಿಸಿತು. ಕಲ್ಯಾಣ ಯೋಜನೆಗಳ ಕಡತಗಳೊಡನೆ ದಶಕಗಳನ್ನು ಕಳೆದವನಾಗಿ ಹೇಳುತ್ತೇನೆ, ಕಚೇರಿಯ ಮೇಜು ಮನುಷ್ಯನ ಮುಖವನ್ನು ಹೇಗೆ ಮರೆಮಾಡುತ್ತದೆ ಎಂಬುದನ್ನು ಇಷ್ಟು ಸರಳವಾಗಿ ತೋರಿಸಿದ ಚಿತ್ರ ಅಪರೂಪ.

ಎರಡನೆಯ ಕಾರಣ ನೀತಿ. ಟೆಲಿವಿಷನ್ ಬಂದು ಚಿತ್ರಮಂದಿರಗಳು ಬರಿದಾಗುತ್ತಿದ್ದ ಕಾಲದಲ್ಲಿ ಹಾರಿ ಶೈನ್ ಎಂಬುವರು ‘ಸಂಸ್ಕೃತಿಯ ವೆಚ್ಚ ನಮಗೆ ತಾಳೀತೇ?’ ಎಂಬರ್ಥದ ಶೀರ್ಷಿಕೆಯ ಪುಸ್ತಕವನ್ನು 1962ರಲ್ಲಿ ಬರೆದರು. ವಿಯೆನ್ನಾದಿಂದ ಬಾಲ್ಯದಲ್ಲೇ ನಿರಾಶ್ರಿತರಾಗಿ ಬಂದ ಯಹೂದಿ, ವೃತ್ತಿಯಿಂದ ಎಂಜಿನಿಯರ್, ಪ್ರವೃತ್ತಿಯಿಂದ ಚಿತ್ರವಿಮರ್ಶಕ. ಮರುವರ್ಷವೇ ಸರ್ಕಾರ ಮತ್ತು ಚಿತ್ರೋದ್ಯಮ ಒಪ್ಪಂದಕ್ಕೆ ಬಂದವು: ಮನರಂಜನಾ ತೆರಿಗೆ ರದ್ದು, ಅದರ ಬದಲು ಟಿಕೆಟ್ ಹಣದ ಶೇ 10ರಷ್ಟು ಹೊಸದಾಗಿ ಸ್ಥಾಪನೆಯಾದ ಸ್ವೀಡಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ಗೆ. ಗುಣಮಟ್ಟದ ಚಿತ್ರಗಳ ನಿರ್ಮಾಣಕ್ಕೂ ಹಳೆಯ ಚಿತ್ರಗಳ ಸಂಗ್ರಹಕ್ಕೂ ಆಧಾರವಾದದ್ದು ಈ ಸಂಸ್ಥೆಯೇ. ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ಅಚ್ಚುಕಟ್ಟಾದ ಏರ್ಪಾಡು. ಮಾರುಕಟ್ಟೆಯಿಂದ ಎತ್ತಿದ ಹಣ ಬೊಕ್ಕಸದ ಸಾಗರದಲ್ಲಿ ಕರಗದೆ, ಮಾರುಕಟ್ಟೆ ಮಾಡಲೊಲ್ಲದ ಕೆಲಸಕ್ಕೇ ಮರಳಿತು. 2016ರ ಅಂತ್ಯದವರೆಗೆ ಒಪ್ಪಂದದ ಈ ಪದ್ಧತಿ ನಡೆಯಿತು. ಆಮೇಲೆ ಹೊಣೆ ಪೂರ್ತಿಯಾಗಿ ಸರ್ಕಾರದ್ದಾಯಿತು. ನಮ್ಮಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಆರಂಭವಾದದ್ದು 1964ರಲ್ಲಿ, ಹೆಚ್ಚುಕಡಿಮೆ ಅದೇ ಹೊತ್ತಿಗೆ. ಆದರೆ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ (1934) ಪ್ರತಿ ಇಂದು ಉಳಿದಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಅದೃಷ್ಟ ಮಾಡಿತ್ತು. ಪುಣೆಯಲ್ಲಿ ಉಳಿದಿದ್ದ ಮೂಲ ನೆಗೆಟಿವ್‌ನಿಂದ ಸಿದ್ಧವಾದ ಅದರ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಮನರಂಜನಾ ತೆರಿಗೆಯನ್ನು ದಶಕಗಳ ಕಾಲ ವಸೂಲು ಮಾಡಿದ ನಾವು ಅದರ ಒಂದು ಕಾಸನ್ನಾದರೂ ಹಳೆಯ ರೀಲುಗಳಿಗೆಂದೇ ಕಟ್ಟುನಿಟ್ಟಾಗಿ ಮೀಸಲಿಟ್ಟಿದ್ದರೆ ಎಂಬ ಪ್ರಶ್ನೆ ಕಾಡುತ್ತದೆ.

ಸ್ವೀಡನ್ ಕಲಾವಿದರ ಸ್ವರ್ಗವೆಂದೇನೂ ಭಾವಿಸಬೇಕಿಲ್ಲ. 1976ರ ಜನವರಿ 30ರಂದು ಸ್ಟಾಕ್‌ಹೋಮ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ನಾಟಕದ ತಾಲೀಮು ನಡೆಸುತ್ತಿದ್ದ ಬರ್ಗ್‌ಮನ್ ಅವರನ್ನು ತೆರಿಗೆ ಪ್ರಕರಣವೊಂದರಲ್ಲಿ ಪೊಲೀಸರು ಕರೆದೊಯ್ದರು. ಎರಡು ತಿಂಗಳೊಳಗೆ ಆರೋಪ ಬಿದ್ದುಹೋಯಿತು. ಆದರೆ ಆಘಾತದಿಂದ ಆಸ್ಪತ್ರೆ ಸೇರಿದ ಅವರು ಏಪ್ರಿಲ್‌ನಲ್ಲಿ ದೇಶ ತೊರೆದು ಮ್ಯೂನಿಕ್ ಸೇರಿದರು. ಅದೇ ವರ್ಷ ಮಕ್ಕಳ ಸಾಹಿತಿ ಆಸ್ಟ್ರಿಡ್ ಲಿಂಡ್‌ಗ್ರೆನ್ ತಮ್ಮ ಆದಾಯದ ಮೇಲಿನ ತೆರಿಗೆ ಶೇ 102 ಮುಟ್ಟಿದ್ದನ್ನು ಅಣಕಿಸಿ ಕಥೆ ಬರೆದರು; ನಾಲ್ಕು ದಶಕಗಳಿಂದ ಆಳಿದ್ದ ಪಕ್ಷ ಚುನಾವಣೆಯಲ್ಲಿ ಸೋತಿತು. ಕೆಲಕಾಲ ತೆರಿಗೆ ನೋಟಿಸುಗಳಿಗೆ ಸಹಿ ಹಾಕಿದ ನನಗೆ ಈ ಪ್ರಕರಣದಲ್ಲಿ ಎರಡೂ ಕಡೆಯ ಕುರ್ಚಿ ಕಾಣುತ್ತದೆ. ಕಾನೂನು ಪ್ರಶ್ನೆ ಕೇಳಿದ್ದು ಸರಿ. ಕೇಳಿದ ರೀತಿ ಸರಿಯಲ್ಲ.

ಸ್ವೀಡನ್ನಿನ ಕಲಾಚಿತ್ರವೆಂದರೆ ಬರ್ಗ್‌ಮನ್ ಒಬ್ಬರೇ ಎಂಬ ಭಾವನೆಯನ್ನೂ ಈ ಹೊಸ ಆವೃತ್ತಿಗಳು ಸಡಿಲಿಸುತ್ತಿವೆ. ಬೂ ವಿಡರ್‌ಬೆರಿ ಅವರ ನಾಲ್ಕು ಚಿತ್ರಗಳ ಸಂಪುಟ 2023ರಲ್ಲಿ ಬಂತು. 1931ರಲ್ಲಿ ಮುಷ್ಕರನಿರತರ ಮೆರವಣಿಗೆಯ ಮೇಲೆ ಸೈನ್ಯ ಗುಂಡು ಹಾರಿಸಿ ಐವರು ಸತ್ತ ಘಟನೆಯನ್ನಾಧರಿಸಿದ ‘ಓಡಾಲೆನ್ 31’ ಅದರಲ್ಲಿದೆ. ಬರ್ಗ್‌ಮನ್‌ರ ಪಾತ್ರಗಳು ದೇವರನ್ನು ಹುಡುಕುತ್ತ ಮೇಲೆ ನೋಡುತ್ತಿದ್ದರೆ ಇವರ ಪಾತ್ರಗಳು ಕೂಲಿ, ಬಾಡಿಗೆ, ಬ್ರೆಡ್ಡಿನ ಕಡೆ ನೋಡುತ್ತವೆ. ಯಾನ್ ಟ್ರೋಯೆಲ್ ಅವರ ‘ದಿ ಎಮಿಗ್ರಂಟ್ಸ್’ (1971), ಬರಗೆಟ್ಟ ಹೊಲಗಳಿಂದ ಅಮೆರಿಕಕ್ಕೆ ಗುಳೆ ಹೋದ ರೈತರ ಕಥೆ, ನನ್ನ ಮಟ್ಟಿಗೆ ಆ ದೇಶದ ಅತ್ಯುತ್ತಮ ಆರ್ಥಿಕ ಇತಿಹಾಸ.

ಸಂದೇಹಗಳೂ ಇವೆ. ಅತಿಯಾಗಿ ತೊಳೆದರೆ ಫಿಲ್ಮಿನ ಸಹಜ ಕಣಗಳೂ ಗೀರಿನೊಡನೆ ಮಾಯವಾಗಿ ಮುಖಗಳು ಮೇಣದ ಬೊಂಬೆಗಳಂತಾಗುತ್ತವೆ. ನೀಕ್ವಿಸ್ಟ್ 2006ರಲ್ಲಿ, ಬರ್ಗ್‌ಮನ್ 2007ರಲ್ಲಿ ತೀರಿಕೊಂಡರು. ಇಂಥ ದೃಶ್ಯ ಇಷ್ಟೇ ಬೆಳಗಬೇಕೆಂದು ಹೇಳಬಲ್ಲವರು ಈಗಿಲ್ಲ. ಇನ್ನು ಡಿಸ್ಕೇ ಹಳತಾಯಿತು, ಎಲ್ಲವೂ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಅಲ್ಲಿ ಪರವಾನಗಿ ಮುಗಿದ ದಿನ ಚಿತ್ರ ಹೇಳದೆ ಕೇಳದೆ ಕಾಣೆಯಾಗುತ್ತದೆ. ಕಪಾಟಿನಲ್ಲಿರುವುದು ಕಪಾಟಿನಲ್ಲಿರುತ್ತದೆ. ಐದು ಗಂಟೆ ಮೀರಿದ ‘ಫ್ಯಾನಿ ಅಂಡ್ ಅಲೆಕ್ಸಾಂಡರ್’ ಟೆಲಿವಿಷನ್ ಆವೃತ್ತಿಯನ್ನು ನಾಲ್ಕು ಸಂಜೆಗಳಿಗೆ ಹಂಚಿಕೊಂಡು ನೋಡುವ ಸ್ವಾತಂತ್ರ್ಯ ಹಿಂದೆ ಯಾವ ಸಭಾಂಗಣವೂ ಕೊಟ್ಟಿರಲಿಲ್ಲ.

ಕಳೆದ ತಿಂಗಳು ‘ಸೀನ್ಸ್ ಫ್ರಮ್ ಎ ಮ್ಯಾರೇಜ್’ (1973) ಮತ್ತು ಬರ್ಗ್‌ಮನ್‌ರ ಕೊನೆಯ ಕೃತಿ ‘ಸಾರಾಬಾಂಡ್’ (2003) ಎರಡನ್ನೂ ಒಂದೇ ವಾರದಲ್ಲಿ ನೋಡಿದೆ. ಅದೇ ದಂಪತಿ, ಅದೇ ಇಬ್ಬರು ನಟರು—ಲಿವ್ ಉಲ್ಮನ್ ಮತ್ತು ಎರ್ಲಾಂಡ್ ಯೋಸೆಫ್ಸನ್—ನಡುವೆ ಮೂವತ್ತು ವರ್ಷ. ಮೊದಲನೆಯದನ್ನು 16 ಎಂ.ಎಂ. ಫಿಲ್ಮಿನಲ್ಲೇ ಚಿತ್ರಿಸಿದ್ದರಿಂದ ಎಷ್ಟು ಶುದ್ಧೀಕರಿಸಿದರೂ ಕಣಗಳು ಉಳಿದಿವೆ. ಮುಖಗಳ ಮೇಲೆ ಅವು ಉಸಿರಿನಂತೆ ಆಡುತ್ತವೆ. ಎರಡನೆಯದನ್ನು ಪೂರ್ತಿ ಡಿಜಿಟಲ್ ವಿಡಿಯೋದಲ್ಲಿ ಚಿತ್ರಿಸಲಾಯಿತು. ಅದಕ್ಕೆ ನೆಗೆಟಿವ್ ಎಂಬುದೇ ಇಲ್ಲ. ಅದರಲ್ಲಿ, ನಡುರಾತ್ರಿಯ ಭೀತಿಗೆ ನಡುಗುತ್ತ ವೃದ್ಧ ಯೋಹಾನ್ ತನ್ನ ಮಾಜಿ ಪತ್ನಿಯ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಹಾಸಿಗೆ ಕಿರಿದು. ಆಕೆ ಬದಿಗೆ ಸರಿದು ಜಾಗ ಕೊಡುತ್ತಾಳೆ.