ಮೂಲಪ್ರತಿಯೂ ಹಂಚಿದ ಪ್ರತಿಯೂ

ಹಳಗನ್ನಡ ಕಾವ್ಯವೊಂದನ್ನು ಸಂಪಾದಿಸಲು ಹೊರಟವನಿಗೆ ಮೊದಲು ಎದುರಾಗುವ ಪ್ರಶ್ನೆ, ‘ಈ ಪಾಠ ಎಲ್ಲಿಂದ ಬಂದಿತು?’ ಎಂಬುದು. ಓಲೆಯ ಲಿಪಿಕಾರನು ಕೈತಪ್ಪಿ ಒಂದಕ್ಷರವನ್ನು ಬಿಟ್ಟಿರಬಹುದು. ಜಾಣನಾಗಿದ್ದರೆ ತನ್ನದೇ ಪದ್ಯವೊಂದನ್ನು ಕವಿಯ ಹೆಸರಿನಲ್ಲಿ ಸೇರಿಸಿಯೂ ಇರಬಹುದು. ಇಂಥ ಪ್ರಕ್ಷಿಪ್ತಗಳನ್ನು ಕುರಿತು ತರಗತಿಯಲ್ಲಿ ಪಾಠ ಹೇಳುತ್ತಿರುವ ನನಗೆ, ಇದೇ ತೊಡಕು ಗಣಕಯಂತ್ರಗಳ ಲೋಕದಲ್ಲಿಯೂ ಉಂಟೆಂಬುದು 2024ರ ಪ್ರಸಂಗವೊಂದರಿಂದ ಮನದಟ್ಟಾಯಿತು.

ಮುಕ್ತ ತಂತ್ರಾಂಶದ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅದು ಸಾಮಾನ್ಯವಾಗಿ ಎರಡು ರೂಪಗಳಲ್ಲಿ ದೊರೆಯುತ್ತದೆ. ಒಂದು, ಪ್ರತಿಯೊಂದು ತಿದ್ದುಪಡಿಯನ್ನೂ ತಿದ್ದಿದವರ ಹೆಸರಿನೊಡನೆ ದಾಖಲಿಸುವ ‘ಗಿಟ್’ ಭಂಡಾರ; ಇನ್ನೊಂದು, ಬಿಡುಗಡೆಯ ದಿನ ಕಟ್ಟಿ ಹಂಚುವ ‘ಟಾರ್‌ಬಾಲ್’ ಎಂಬ ಗಂಟು. ಎರಡೂ ಒಂದೇ ಎಂದು ಬಹುಮಂದಿ ನಂಬಿಕೊಂಡಿದ್ದರು.

ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಜೆಡ್’ ತಂತ್ರಾಂಶವನ್ನು ಲಾಸ್ಸೆ ಕಾಲಿನ್ ಎಂಬವರು ವೇತನವಿಲ್ಲದೆ, ಹೆಚ್ಚುಕಡಿಮೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ‘ಜಿಯಾ ಟಾನ್’ ಎಂಬ ಹೆಸರು ಹೊತ್ತವರೊಬ್ಬರು ಎರಡು ವರ್ಷಕ್ಕೂ ಮಿಕ್ಕಿ ನೆರವಾಗಿ, ವಿಶ್ವಾಸ ಗಳಿಸಿ, ಬಿಡುಗಡೆಯ ಹೊಣೆಯನ್ನೂ ಪಡೆದರು. ಬಳಿಕ ಬಂದ 5.6.0 ಮತ್ತು 5.6.1 ಆವೃತ್ತಿಗಳ ಗಂಟಿನಲ್ಲಿ, ಗಿಟ್ ಭಂಡಾರದಲ್ಲಿಲ್ಲದ ಕೆಲವು ಸಾಲುಗಳಿದ್ದವು. ಪರೀಕ್ಷೆಗೆಂದು ಇಟ್ಟ ಕಡತಗಳೊಳಗೆ ಅಡಗಿಸಿದ್ದ ವಿಷವನ್ನು ಹೊರತೆಗೆದು, ದೂರದಿಂದ ಯಂತ್ರದೊಳಕ್ಕೆ ಪ್ರವೇಶಿಸುವ ದಾರಿಯಲ್ಲಿ ಕಳ್ಳಬಾಗಿಲು ತೆರೆಯುವುದು ಆ ಸಾಲುಗಳ ಕೆಲಸ. ಪ್ರವೇಶಕ್ಕೆ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದ್ದುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ಗಮನಿಸಿ, ಜಾಡು ಹಿಡಿದು ಹೋಗಿ, 2024ರ ಮಾರ್ಚ್ 29ರಂದು ಲೋಕಕ್ಕೆ ತಿಳಿಸಿದರು.

ಆದುದರಿಂದ ಗಂಟನ್ನು ಕಟ್ಟುವಾಗ ಮನುಷ್ಯನ ಕೈ ನಡುವೆ ಬರಬಾರದು. ಭಂಡಾರದಿಂದ ನೇರವಾಗಿ, ಯಾರು ಕಟ್ಟಿದರೂ ಅಕ್ಷರಶಃ ಒಂದೇ ಆಗುವಂತೆ ಅದು ಸಿದ್ಧವಾಗಬೇಕು. ಆಗ ಮೂಲಕ್ಕೂ ಪ್ರತಿಗೂ ಇರುವ ಭೇದವನ್ನು ಯಾವ ವಿದ್ಯಾರ್ಥಿಯಾದರೂ ಹೋಲಿಸಿ ಹೇಳಬಲ್ಲನು.

ಇನ್ನು ಪರಾವಲಂಬನದ ಮಾತು. ಯಾವ ತಂತ್ರಾಂಶವೂ ಒಂಟಿಯಾಗಿ ನಿಲ್ಲದು. ಅನ್ಯರು ಬರೆದ ಭಾಗಗಳು ಅದಕ್ಕೆ ಬೇಕು. ಅವನ್ನು ಜೊತೆಗೇ ಕಟ್ಟಿಕೊಡಬೇಕೆ, ಹೊರಗಿನಿಂದ ತರಿಸಿಕೊಳ್ಳಬೇಕೆ? 2016ರ ಮಾರ್ಚಿಯಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ ಹನ್ನೊಂದು ಸಾಲಿನ ತುಣುಕನ್ನು ಅದರ ಕರ್ತೃ ‘ಎನ್‌ಪಿಎಂ’ ಭಂಡಾರದಿಂದ ಹಿಂತೆಗೆದುಕೊಂಡಾಗ, ಅದನ್ನು ನೆಮ್ಮಿದ್ದ ಅಸಂಖ್ಯ ಯೋಜನೆಗಳ ಕೆಲಸ ನಿಂತುಹೋಯಿತು. ಹಾಗಾದರೆ ಎಲ್ಲವನ್ನೂ ಒಳಗೇ ಸೇರಿಸಿಕೊಳ್ಳುವುದು ಲೇಸೆನ್ನೋಣವೆ? 2002ರಲ್ಲಿ ‘ಜೆಡ್‌ಲಿಬ್’ ಎಂಬ ಭಾಗದಲ್ಲಿ ದೋಷ ಕಂಡುಬಂದಾಗ, ತಮ್ಮೊಳಗೆ ಅದರ ಪ್ರತಿಯನ್ನಿಟ್ಟುಕೊಂಡಿದ್ದ ತಂತ್ರಾಂಶಗಳನ್ನು ಒಂದೊಂದಾಗಿ ಹುಡುಕಿ ತಿದ್ದಬೇಕಾಯಿತು. ಒಳಸೇರಿಸಿದ ಪ್ರತಿಗಳು ಬೇಡವೆಂದು ‘ಡೆಬಿಯನ್’ ಬಳಗ ತನ್ನ ನಿಯಮಗಳಲ್ಲಿ ಹೇಳುವುದು ಇಂಥ ಕಷ್ಟವನ್ನು ತಪ್ಪಿಸಲಿಕ್ಕಾಗಿಯೇ.

ನನ್ನ ಮತವಿಷ್ಟೆ: ಆಧಾರಗಳ ಹೆಸರನ್ನೂ ಆವೃತ್ತಿಯನ್ನೂ ಗುರುತಿನ ಅಂಕೆಯನ್ನೂ ಸ್ಪಷ್ಟವಾಗಿ ನಮೂದಿಸಬೇಕು. ಪ್ರತಿಯೊಂದನ್ನು ಜೋಪಾನವಾಗಿಡಲಿ, ಆದರೆ ಬೇರೆ ಕಪಾಟಿನಲ್ಲಿಡಲಿ. ತನ್ನ ಬರಹದೊಡನೆ ಕಲಸಬಾರದು. ತಿದ್ದಿದ್ದರೆ, ಒಳ್ಳೆಯ ಸಂಪಾದಕನು ಅಡಿಟಿಪ್ಪಣಿಯಲ್ಲಿ ಹೇಳುವಂತೆ, ತಿದ್ದಿದೆನೆಂದು ಹೇಳಲಿ.

ಇಷ್ಟು ನಿಯಮಗಳಿಂದಲೇ ಎಲ್ಲ ನೆಟ್ಟಗಾಗುವುದೆಂದು ನಾನು ಹೇಳಲಾರೆ. ಎಕ್ಸ್‌ಜೆಡ್ ಪ್ರಸಂಗದಲ್ಲಿ ಗಂಟು ಎಲ್ಲರ ಕಣ್ಣಮುಂದೆಯೇ ಬಿಚ್ಚಿಕೊಂಡು ಬಿದ್ದಿತ್ತು. ಓದುವ ಅಧಿಕಾರ ಎಲ್ಲರಿಗೂ ಇತ್ತು. ದಣಿದಿದ್ದ ಒಬ್ಬ ಕಾವಲುಗಾರನ ಪಕ್ಕದಲ್ಲಿ ನಿಂತು ಓದುವವರು ಮಾತ್ರ ಇರಲಿಲ್ಲ. ಕೊನೆಗೆ ಅದನ್ನು ಕಾಪಾಡಿದವರು ಅದರ ಸಂಪಾದಕರಲ್ಲ, ಅರ್ಧ ಸೆಕೆಂಡಿನ ವ್ಯತ್ಯಾಸವನ್ನು ಕಡೆಗಣಿಸದ ಒಬ್ಬ ಬಳಕೆದಾರರು. ಪಾಠಾಂತರಗಳನ್ನು ಹೋಲಿಸುವುದು ಬೇಸರದ ಕೆಲಸವೆಂದು ಗೊಣಗುವ ನನ್ನ ವಿದ್ಯಾರ್ಥಿಗಳಿಗೆ ಈಗ ನಾನು ಈ ಕಥೆಯನ್ನೇ ಹೇಳುತ್ತೇನೆ.