ಯಕೃತ್ತಿನ ಮೀಸಲು ಪಡೆ

ಹಲ್ಲಿಯ ಬಾಲ ತುಂಡಾದರೆ ಮತ್ತೆ ಬೆಳೆಯುವುದು ಎಲ್ಲರಿಗೂ ಗೊತ್ತು. ಮನುಷ್ಯನ ದೇಹದಲ್ಲಿ ಇಂತಹ ಶಕ್ತಿ ಯಕೃತ್ತಿಗೆ, ಅಂದರೆ ಲಿವರಿಗೆ, ಇದೆ. 1931ರಲ್ಲಿ ಅಮೆರಿಕದ ಹಿಗಿನ್ಸ್ ಮತ್ತು ಆ್ಯಂಡರ್ಸನ್ ಇಲಿಗಳ ಯಕೃತ್ತಿನ ಮೂರನೇ ಎರಡು ಭಾಗವನ್ನು ಕತ್ತರಿಸಿ ತೆಗೆದರು. ಕತ್ತರಿಸಿದ ಭಾಗ ಚಿಗುರಲಿಲ್ಲ. ಆದರೆ ಉಳಿದ ಭಾಗವೇ ಕೆಲವು ವಾರಗಳಲ್ಲಿ ಬೆಳೆದು ಆ ಕೊರತೆಯನ್ನು ತುಂಬಿತು!

ಇಲ್ಲಿ ದುಡಿಯುವುದು ಯಕೃತ್ತಿನ ಸಾಮಾನ್ಯ ಜೀವಕೋಶಗಳೇ. ಒಂದು ಎರಡಾಗಿ, ಎರಡು ನಾಲ್ಕಾಗಿ ಅವು ವಿಭಜನೆ ಹೊಂದುತ್ತವೆ. ದೀರ್ಘಕಾಲದ ಸೋಂಕು ಅಥವಾ ಮದ್ಯಪಾನದಿಂದ ಅವು ಬಸವಳಿದರೆ ಏನು ಗತಿ? ಆಗ ಅತಿ ಸೂಕ್ಷ್ಮ ಪಿತ್ತನಾಳಗಳ ತುದಿಯಲ್ಲಿರುವ, ಇನ್ನೂ ಪಕ್ವವಾಗದ ಆಕರಕೋಶಗಳು ಎಚ್ಚೆತ್ತು ವೃದ್ಧಿಯಾಗುತ್ತವೆ. ಇವು ಯಕೃತ್ತಿನ ಕೋಶವೂ ಆಗಬಲ್ಲವು, ಪಿತ್ತನಾಳದ ಕೋಶವೂ ಆಗಬಲ್ಲವು. ತಾಯಿಯ ಗರ್ಭದಲ್ಲಿ ನಾಲ್ಕನೇ ವಾರದ ಸುಮಾರಿಗೆ ಮೊಳೆಯುವ ಯಕೃತ್ತು ರೂಪುಗೊಳ್ಳುವುದೂ ಇಂತಹ ಉಭಯ ಸಾಮರ್ಥ್ಯದ ಕೋಶಗಳಿಂದಲೇ.

ಆದರೆ ಈ ಮೀಸಲು ಪಡೆಗೂ ಮಿತಿಯುಂಟು. ಹಾನಿ ವರ್ಷಗಟ್ಟಲೆ ಮುಂದುವರಿದರೆ ಗಾಯದ ನಾರು ಹಬ್ಬಿ ಯಕೃತ್ತು ಗಡುಸಾಗುತ್ತದೆ. ಇದೇ ಸಿರೋಸಿಸ್. ಯಕೃತ್ತು ಬಹುಕಾಲ ಮೌನವಾಗಿ ಸಹಿಸುವುದರಿಂದ ರೋಗ ತಿಳಿಯುವುದೇ ತಡವಾಗಿ. ಆದ್ದರಿಂದಲೇ ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್-ಬಿ ಲಸಿಕೆ ಹಾಕಿಸುವುದು ಅಗತ್ಯ. ಮತ್ತೆ ಬೆಳೆಯುವ ಅಂಗವೆಂದು ಅದನ್ನು ಕಡೆಗಣಿಸುವಂತಿಲ್ಲ.